ಒಮ್ಮೆ ನಲವತ್ತು, ಒಮ್ಮೆ ಹನ್ನೆರಡು: ಜಾವಾ ವೆಬ್ ಅಪ್ಲಿಕೇಶನ್‌ಗಳಲ್ಲಿ ಡೇಟಾಬೇಸ್ ಸೆಷನ್ ಮತ್ತು ಕ್ಯಾಶ್ ದೋಷಗಳನ್ನು ಹುಡುಕುವ ಬಗೆ

ಜೂನ್ ಮೊದಲ ವಾರ ಬೆಂಗಳೂರಿನ ಅವೆನ್ಯೂ ರಸ್ತೆಯಲ್ಲಿ ಕಾಲಿಡಲು ಜಾಗವಿರುವುದಿಲ್ಲ. ಶಾಲೆಗಳು ಆಗಷ್ಟೇ ತೆರೆದಿರುತ್ತವೆ. ಪಠ್ಯಪುಸ್ತಕ, ನೋಟ್‌ಬುಕ್, ಗೈಡು ಹುಡುಕಿಕೊಂಡು ಬಂದವರು ಮೈಸೂರು ಬ್ಯಾಂಕ್ ವೃತ್ತದಿಂದಲೇ ಒತ್ತಿಕೊಂಡು ಬರುತ್ತಾರೆ. ಅಂಥ ಒಂದು ಬೆಳಿಗ್ಗೆ ಹನ್ನೊಂದರ ಹೊತ್ತಿಗೆ ಅಲ್ಲಿನ ಒಂದು ಸಗಟು ಮಳಿಗೆಯ ಗುಮಾಸ್ತರು ನನಗೆ ಫೋನ್ ಮಾಡಿದರು. "ಸಾರ್, ಎಂಟನೇ ತರಗತಿಯ ಗಣಿತದ ಗೈಡು ಎಷ್ಟಿದೆ ಎಂದು ನೋಡಿದರೆ ಒಮ್ಮೆ ನಲವತ್ತು ಕಟ್ಟು ಎನ್ನುತ್ತದೆ. ಪುಟವನ್ನು ಮತ್ತೆ ತೆರೆದರೆ ಹನ್ನೆರಡು. ಇನ್ನೊಮ್ಮೆ ತೆರೆದರೆ ಪುನಃ ನಲವತ್ತು. ಗಿರಾಕಿ ಎದುರಿಗೆ ನಿಂತಿದ್ದಾರೆ, ಏನು ಹೇಳಲಿ?"

ಆ ಮಳಿಗೆಯ ದಾಸ್ತಾನು ಮತ್ತು ಬಿಲ್ಲಿಂಗ್ ವ್ಯವಸ್ಥೆಯನ್ನು ನೋಡಿಕೊಳ್ಳುವ ಹೊಣೆ ನನ್ನದು. ಅಲ್ಲಿ ಎರಡು ಅಪ್ಲಿಕೇಶನ್‌ಗಳು ಒಂದೇ ಮೈಎಸ್‌ಕ್ಯೂಎಲ್ ಡೇಟಾಬೇಸನ್ನು ಹಂಚಿಕೊಂಡಿವೆ. ದಾಸ್ತಾನು ತೋರಿಸುವುದು ಹಳೆಯದು: ಸರ್ವ್‌ಲೆಟ್, ಜೆಎಸ್‌ಪಿ ಎಂಬ ಜಾವಾ ವೆಬ್ ತಂತ್ರಗಳು, ಡೇಟಾಬೇಸಿನ ಸಾಲುಗಳನ್ನು ಜಾವಾ ವಸ್ತುಗಳಾಗಿ ತರುವ ಹೈಬರ್ನೇಟ್. ಬಿಲ್ಲಿಂಗ್ ಆಮೇಲೆ ಸ್ಪ್ರಿಂಗ್ ಬೂಟ್ ಎಂಬ ಜಾವಾ ಚೌಕಟ್ಟಿನಲ್ಲಿ ಹೊಸದಾಗಿ ಬರೆದದ್ದು. ಆ ವಾರ ಎರಡರಲ್ಲೂ ದೋಷ ಕಾಣಿಸಿತು. ದಾಸ್ತಾನಿನ ಅಂಕಿ ಓಲಾಡಿತು, ಬಿಲ್ಲಿಂಗ್ ನಿಂತೇ ಹೋಯಿತು, ಅದರ ಹಿಂದೆಯೇ ಪರಿಷ್ಕೃತ ಬೆಲೆ ಬಿಲ್ಲಿಗೆ ಬರುತ್ತಿಲ್ಲ ಎಂಬ ದೂರೂ ಬಂತು. ಮೇಲುನೋಟಕ್ಕೆ ಮೂರೂ ಬೇರೆ ಬೇರೆ. ಒಂದೊಂದನ್ನೂ ಬಿಡಿಸಿ ನೋಡಿದಾಗ ಎಲ್ಲದರ ಬುಡದಲ್ಲಿ ಇದ್ದದ್ದು ಒಂದೇ ಪ್ರಶ್ನೆ: ಈ ಸೆಷನ್ ಅಥವಾ ಈ ಪ್ರತಿ ಎಷ್ಟು ಹೊತ್ತು ಬದುಕಿರಬೇಕು, ಅದನ್ನು ಮುಗಿಸುವ ಹೊಣೆ ಯಾರದು? ನಾನು ಹಿಡಿದ ದಾರಿಯನ್ನು, ನಡುವೆ ಮಾಡಿದ ತಪ್ಪುಗಳ ಸಮೇತ, ಇಲ್ಲಿ ಬರೆಯುತ್ತಿದ್ದೇನೆ.

ಪದದ ವಿಷಯದಲ್ಲಿ ಒಂದು ಮಾತು. ವ್ಯಾಪಾರಿಗಳೊಂದಿಗೆ ಮಾತನಾಡುವಾಗ ಕ್ಯಾಶ್ ಎಂದರೆ ಅವರಿಗೆ ನಗದು ಎಂದೇ ಕೇಳಿಸುತ್ತದೆ. ಇಲ್ಲಿ ಕ್ಯಾಶ್ ಎಂದಾಗಲೆಲ್ಲ ಮತ್ತೆ ಮತ್ತೆ ಡೇಟಾಬೇಸಿಗೆ ಹೋಗದಿರಲು ಮೆಮೊರಿಯಲ್ಲಿ ಇಟ್ಟುಕೊಂಡ ಪ್ರತಿ ಎಂದೇ ಅರ್ಥ. ಹಾಗೆಯೇ ಸೆಷನ್ ಎಂಬ ಹೆಸರಿನ ಎರಡು ವಸ್ತುಗಳಿವೆ. ಒಂದು, ಹೈಬರ್ನೇಟ್ ಡೇಟಾಬೇಸಿನೊಂದಿಗೆ ವ್ಯವಹರಿಸುವ ಸೆಷನ್. ಜಾವಾದ ಡೇಟಾಬೇಸ್ ಮಾನದಂಡವಾದ ಜೆಪಿಎಯ ಪರಿಭಾಷೆಯಲ್ಲಿ ಎಂಟಿಟಿ ಮ್ಯಾನೇಜರ್. ಇನ್ನೊಂದು, ಬಳಕೆದಾರ ಲಾಗಿನ್ ಆದಾಗ ಸರ್ವರ್ ಇಟ್ಟುಕೊಳ್ಳುವ ಎಚ್‌ಟಿಟಿಪಿ ಸೆಷನ್. ಇವೆರಡನ್ನು ಬೆರೆಸಿ ಮಾತನಾಡಿದ ಕಡೆಯೆಲ್ಲ ದೋಷ ಹುಡುಕುವುದು ಎರಡು ಪಟ್ಟು ನಿಧಾನವಾಗಿದ್ದನ್ನು ಕಂಡಿದ್ದೇನೆ.

ಮೊದಲು ಲಕ್ಷಣವನ್ನು ಸರಿಯಾಗಿ ಕೇಳಿ

ಕೋಡ್ ತೆರೆಯುವ ಮೊದಲು ಫೋನಿನಲ್ಲಿಯೇ ಮೂರು ನಾಲ್ಕು ಪ್ರಶ್ನೆ ಕೇಳಿ. ಉತ್ತರಗಳು ಅರ್ಧ ಕೆಲಸ ಮುಗಿಸುತ್ತವೆ.

ಹಳೆಯ ಅಂಕಿ ಯಾರಿಗೆ ಕಾಣುತ್ತಿದೆ? ಒಬ್ಬರೇ ಪುಟವನ್ನು ಮತ್ತೆ ಮತ್ತೆ ತೆರೆದಾಗ ಹಳೆಯದು ಹೊಸದು ಅದಲುಬದಲಾಗುತ್ತಿದ್ದರೆ ವಿನಂತಿ ಯಾವ ಥ್ರೆಡ್‌ಗೆ (ಸರ್ವರ್ ಒಳಗೆ ಒಂದು ಸಲಕ್ಕೆ ಒಂದು ವಿನಂತಿಯ ಕೆಲಸ ಮಾಡುವ ಎಳೆಗೆ) ಅಥವಾ ಯಾವ ಸರ್ವರ್‌ಗೆ ಹೋಯಿತು ಎನ್ನುವುದರ ಮೇಲೆ ಉತ್ತರ ಬದಲಾಗುತ್ತಿದೆ ಎಂದರ್ಥ. ಎಲ್ಲರಿಗೂ ಏಕಪ್ರಕಾರವಾಗಿ ಹಳೆಯದೇ ಕಾಣುತ್ತಿದ್ದು, ಸರ್ವರನ್ನು ನಿಲ್ಲಿಸಿ ಮತ್ತೆ ಹತ್ತಿಸಿದ ಕೂಡಲೇ ಸರಿಹೋದರೆ ಎಲ್ಲ ಸೆಷನ್‌ಗಳೂ ಹಂಚಿಕೊಳ್ಳುವ ಎರಡನೇ ಹಂತದ ಕ್ಯಾಶ್ ಮೇಲೆ ಅನುಮಾನ ಇಡಿ. ಒಬ್ಬ ಬಳಕೆದಾರರಿಗೆ ಮಾತ್ರ ಹಳೆಯದು ಕಂಡು, ಅವರು ಲಾಗೌಟ್ ಆಗಿ ಬಂದರೆ ಸರಿಹೋಗುತ್ತದೆಯೇ? ಹಾಗಾದರೆ ಯಾರೋ ವಸ್ತುವನ್ನು ಎಚ್‌ಟಿಟಿಪಿ ಸೆಷನ್‌ನಲ್ಲಿ ಇಟ್ಟಿದ್ದಾರೆ. ಇನ್ನು ಪುಟ ತೆರೆಯದೆ ಸುಮಾರು 30 ಸೆಕೆಂಡು ನಿಂತು ಆಮೇಲೆ ದೋಷ ತೋರಿಸಿದರೆ ಅದು ಕ್ಯಾಶ್ ಅಲ್ಲವೇ ಅಲ್ಲ, ಡೇಟಾಬೇಸ್ ಸಂಪರ್ಕಗಳನ್ನು ತೆರೆದಿಟ್ಟುಕೊಂಡು ಕೇಳಿದವರಿಗೆ ಕೊಡುವ ಕನೆಕ್ಷನ್ ಪೂಲ್ ಬರಿದಾಗಿದೆ.

ಸರ್ವರನ್ನು ಮತ್ತೆ ಹತ್ತಿಸಿದರೆ ಎಲ್ಲವೂ ಸರಿಹೋಗುತ್ತದೆ ಎನ್ನುವುದು ಸುಳಿವೇ ಹೊರತು ಪರಿಹಾರವಲ್ಲ. ವ್ಯಾಪಾರದ ಹೊತ್ತಿನಲ್ಲಿ ಹತ್ತಿಸಲೇಬೇಕಾದರೆ ಅದಕ್ಕೂ ಮುನ್ನ ಥ್ರೆಡ್ ಡಂಪ್, ಅಂದರೆ ಯಾವ ಥ್ರೆಡ್ ಕೋಡ್‌ನ ಯಾವ ಸಾಲಿನಲ್ಲಿದೆ ಎಂಬ ಪಟ್ಟಿ, ತೆಗೆದಿಟ್ಟುಕೊಳ್ಳಿ. ಜಾವಾದ ಸಲಕರಣೆಗಳಾದ ಜೆಸಿಎಂಡಿ ಅಥವಾ ಜೆಸ್ಟ್ಯಾಕ್ ಆ ಕೆಲಸವನ್ನು ಕ್ಷಣದಲ್ಲಿ ಮಾಡಿಕೊಡುತ್ತವೆ. ಹತ್ತಿಸಿದ ಮೇಲೆ ಸಾಕ್ಷ್ಯ ಉಳಿದಿರುವುದಿಲ್ಲ.

ಥ್ರೆಡ್‌ನ ಜೇಬಿನಲ್ಲಿ ಉಳಿದುಕೊಂಡ ಸೆಷನ್

ಗುಮಾಸ್ತರ ಮಾತಿನಲ್ಲಿಯೇ ದಾರಿ ಇತ್ತು: ಅದಲುಬದಲು. ಸರ್ವರ್ ಒಂದೇ ಇರುವುದರಿಂದ ಉಳಿದದ್ದು ಥ್ರೆಡ್. ಜಾವಾ ವೆಬ್ ಸರ್ವರ್ ಆದ ಟಾಮ್‌ಕ್ಯಾಟ್ ವಿನಂತಿಗೊಂದು ಹೊಸ ಥ್ರೆಡ್ ಹುಟ್ಟಿಸುವುದಿಲ್ಲ, ಇರುವ ಗುಂಪಿನಿಂದ ಬಿಡುವಾಗಿರುವ ಒಂದನ್ನು ಕೊಡುತ್ತದೆ. ಈ ಗುಂಪಿನ ಡೀಫಾಲ್ಟ್ ಗರಿಷ್ಠ ಮಿತಿ 200. ಕೆಲಸ ಮುಗಿದ ಥ್ರೆಡ್ ಸಾಯದೆ ಮುಂದಿನ ವಿನಂತಿಗೆ ಕಾಯುತ್ತದೆ.

ಹಳೆಯ ಅಪ್ಲಿಕೇಶನ್‌ನಲ್ಲಿ ಒಂದು ಕಾಲದಲ್ಲಿ ಎಲ್ಲೆಡೆ ಬಳಕೆಯಲ್ಲಿದ್ದ ಪದ್ಧತಿಯೇ ಇದೆ: ಒಂದು ಸಹಾಯಕ ಕ್ಲಾಸ್, ಅದರಲ್ಲಿ ಥ್ರೆಡ್‌ಲೋಕಲ್, ಅದರೊಳಗೆ ಸೆಷನ್. ಯಾರು ಕೇಳಿದರೂ ಆ ಥ್ರೆಡ್‌ಗೆ ಅಂಟಿದ ಸೆಷನ್ ಸಿಗುತ್ತದೆ, ಇಲ್ಲದಿದ್ದರೆ ಹೊಸದು ತೆರೆದು ಅಂಟಿಸಲಾಗುತ್ತದೆ. ವಿನಂತಿ ಮುಗಿದಾಗ ಒಂದು ಫಿಲ್ಟರ್, ಅಂದರೆ ವಿನಂತಿಯ ಹಿಂದೆ ಮುಂದೆ ಓಡುವ ಕೋಡ್, ಅದನ್ನು ಮುಚ್ಚಬೇಕು.

ಊಹೆಯನ್ನು ಪರೀಕ್ಷಿಸಲು ದಾಸ್ತಾನು ಪುಟದ ಅಡಿಯಲ್ಲಿ ಎರಡು ಸಂಗತಿಗಳನ್ನು ಸಣ್ಣ ಅಕ್ಷರದಲ್ಲಿ ಮುದ್ರಿಸಿದೆ: ಈಗ ಓಡುತ್ತಿರುವ ಥ್ರೆಡ್‌ನ ಹೆಸರು ಮತ್ತು ಸೆಷನ್ ವಸ್ತುವಿನ ಐಡೆಂಟಿಟಿ ಹ್ಯಾಶ್‌ಕೋಡ್ (ಒಂದು ವಸ್ತುವನ್ನು ಇನ್ನೊಂದರಿಂದ ಗುರುತಿಸಲು ನೆರವಾಗುವ ಸಂಖ್ಯೆ). ಆಮೇಲೆ ಪುಟವನ್ನು ಇಪ್ಪತ್ತು ಸಲ ತೆರೆದು ಕಾಗದದ ಮೇಲೆ ಬರೆದುಕೊಂಡೆ. ಎಕ್ಸೆಕ್-3 ಎಂಬ ಥ್ರೆಡ್ ಬಂದಾಗಲೆಲ್ಲ ನಲವತ್ತು. ಎಕ್ಸೆಕ್-7 ಬಂದಾಗಲೆಲ್ಲ ಹನ್ನೆರಡು. ಎಕ್ಸೆಕ್-5ರಲ್ಲಿ ಮೂವತ್ತೊಂದು ಎಂಬ ಮೂರನೆಯ ಅಂಕಿಯೂ ಇತ್ತು, ಅದನ್ನು ಗುಮಾಸ್ತರು ಗಮನಿಸಿರಲಿಲ್ಲ. ಒಂದೊಂದು ಥ್ರೆಡ್‌ಗೂ ಒಂದೊಂದು ಹ್ಯಾಶ್‌ಕೋಡ್, ಇಪ್ಪತ್ತು ಸಲವೂ ಅವು ಕದಲಲಿಲ್ಲ. ವಿನಂತಿ ಮುಗಿದರೂ ಸೆಷನ್ ಮುಗಿಯುತ್ತಿಲ್ಲ ಎನ್ನುವುದಕ್ಕೆ ಇದಕ್ಕಿಂತ ನೇರವಾದ ಸಾಕ್ಷಿ ಬೇಕಿಲ್ಲ.

ಸೆಷನ್ ಒಳಗೆ ನಡೆಯುವುದನ್ನು ಮಳಿಗೆಯ ಭಾಷೆಯಲ್ಲಿ ಹೇಳಬಹುದು. ಕೌಂಟರಿನ ಹುಡುಗ ಗೋದಾಮಿನ ರಿಜಿಸ್ಟರ್ ನೋಡಿ, ಚೀಟಿಯಲ್ಲಿ ಅಂಕಿ ಬರೆದುಕೊಂಡು ಬರುತ್ತಾನೆ. ಆ ಗಿರಾಕಿಯ ವ್ಯವಹಾರ ಮುಗಿಯುವವರೆಗೆ ಚೀಟಿಯೇ ಸಾಕು, ಪ್ರತಿ ಪ್ರಶ್ನೆಗೂ ಗೋದಾಮಿಗೆ ಓಡಬೇಕಿಲ್ಲ. ಗಿರಾಕಿ ಹೋದ ಮೇಲೆ ಚೀಟಿ ಹರಿದುಹಾಕಬೇಕು. ಹರಿಯದೆ ಜೇಬಿನಲ್ಲಿಟ್ಟುಕೊಂಡು ಮಧ್ಯಾಹ್ನದ ಗಿರಾಕಿಗೂ ಅದನ್ನೇ ಓದಿ ಹೇಳಿದರೆ? ಹೈಬರ್ನೇಟ್ ಸೆಷನ್‌ನ ಮೊದಲ ಹಂತದ ಕ್ಯಾಶ್ ಈ ಚೀಟಿಯೇ. ಇದನ್ನು ಆಫ್ ಮಾಡಲು ಬರುವುದಿಲ್ಲ, ಆಫ್ ಮಾಡುವ ಅಗತ್ಯವೂ ಇಲ್ಲ. ಸೆಷನ್ ಮುಚ್ಚಿದರೆ ತಾನೇ ಹೋಗುತ್ತದೆ.

ಇಲ್ಲೊಂದು ಸೂಕ್ಷ್ಮವಿದೆ. ಅನುಭವಿಗಳೂ ಇಲ್ಲಿ ಎಡವುತ್ತಾರೆ. ಎಸ್‌ಕ್ಯೂಎಲ್ ಲಾಗ್ ಹಾಕಿ ನೋಡಿದಾಗ ಡೇಟಾಬೇಸಿಗೆ ಸೆಲೆಕ್ಟ್ (ಓದುವ ಆದೇಶ) ಹೋಗುತ್ತಿರುವುದು ಕಣ್ಣಿಗೆ ಕಾಣುತ್ತಿತ್ತು. ಅದೇ ಸೆಲೆಕ್ಟ್ ಅನ್ನು ಮೈಎಸ್‌ಕ್ಯೂಎಲ್‌ನಲ್ಲಿ ನೇರವಾಗಿ ಓಡಿಸಿದರೆ ಹನ್ನೆರಡು. ಪರದೆಯ ಮೇಲೆ ಮಾತ್ರ ನಲವತ್ತು. ಕಾರಣವಿಷ್ಟೆ: ಕ್ವೆರಿ ತಂದ ಸಾಲಿನ ಎಂಟಿಟಿ, ಅಂದರೆ ಆ ಸಾಲನ್ನು ಪ್ರತಿನಿಧಿಸುವ ಜಾವಾ ವಸ್ತು, ಅದಾಗಲೇ ಸೆಷನ್‌ನಲ್ಲಿದ್ದರೆ ಹೈಬರ್ನೇಟ್ ಹೊಸ ಸಾಲಿನ ಅಂಕಿಗಳನ್ನು ಬದಿಗಿಟ್ಟು ತನ್ನಲ್ಲಿರುವ ಹಳೆಯ ವಸ್ತುವನ್ನೇ ಕೈಗಿಡುತ್ತದೆ. ಒಂದು ಸೆಷನ್‌ನಲ್ಲಿ ಒಂದು ಸಾಲಿಗೆ ಒಂದೇ ವಸ್ತು ಎನ್ನುವುದು ಅದರ ನಿಯಮ. ಆದ್ದರಿಂದ ಎಸ್‌ಕ್ಯೂಎಲ್ ಹೋಗುತ್ತಿದೆ, ಹಾಗಾಗಿ ಕ್ಯಾಶ್ ದೋಷವಲ್ಲ ಎಂಬ ತೀರ್ಮಾನಕ್ಕೆ ಬರಬೇಡಿ. ನಾನು ಒಂದು ಗಂಟೆ ಕಳೆದುಕೊಂಡದ್ದು ಇದೇ ತೀರ್ಮಾನದಿಂದ.

ಇದೇ ಲಕ್ಷಣಕ್ಕೆ ಇನ್ನೊಂದು ಕಾರಣವೂ ಇರಬಹುದು, ಎರಡನ್ನೂ ಬೇರ್ಪಡಿಸಿ ನೋಡಬೇಕು. ಮೈಎಸ್‌ಕ್ಯೂಎಲ್‌ನ ಇನ್ನೋಡಿಬಿ ಡೀಫಾಲ್ಟ್ ಆಗಿ ರಿಪೀಟಬಲ್ ರೀಡ್ ಮಟ್ಟದಲ್ಲಿ ಕೆಲಸ ಮಾಡುತ್ತದೆ. ಒಂದೇ ಕಟ್ಟಾಗಿ ನಡೆಯುವ ಓದು-ಬರಹಗಳ ಟ್ರಾನ್ಸಾಕ್ಷನ್‌ನಲ್ಲಿ ಮೊದಲ ಓದು ನಡೆದಾಗ ಇದ್ದ ಸ್ಥಿತಿಯೇ ಕೊನೆಯವರೆಗೂ ಕಾಣುತ್ತದೆ. ಯಾರಾದರೂ ಟ್ರಾನ್ಸಾಕ್ಷನ್ ತೆರೆದು ಕಮಿಟ್ ಮಾಡದೆ (ಖಾಯಂಗೊಳಿಸಿ ಮುಗಿಸದೆ) ಬಿಟ್ಟಿದ್ದರೆ ಆಗ ಹಳೆಯ ಅಂಕಿ ಕೊಡುವುದು ಡೇಟಾಬೇಸೇ. ಬೇರ್ಪಡಿಸುವ ಉಪಾಯ ಸುಲಭ: ಎಂಟಿಟಿ ಓದಿದ ಕೂಡಲೇ ಸೆಷನ್‌ನ ರಿಫ್ರೆಶ್ ಮೆಥಡ್ ಕರೆಯಿರಿ. ಹೊಸ ಅಂಕಿ ಬಂದರೆ ತಪ್ಪು ಮೊದಲ ಹಂತದ ಕ್ಯಾಶ್‌ನದು. ರಿಫ್ರೆಶ್ ಮಾಡಿದರೂ ಹಳೆಯದೇ ಬಂದರೆ ಮುಗಿಯದ ಟ್ರಾನ್ಸಾಕ್ಷನ್‌ ಹುಡುಕಿ. ಪೋಸ್ಟ್‌ಗ್ರೆಸ್ ಡೀಫಾಲ್ಟ್ ಮಟ್ಟ ರೀಡ್ ಕಮಿಟೆಡ್ ಆಗಿರುವುದರಿಂದ ಅಲ್ಲಿ ಈ ಎರಡನೆಯ ಕಾರಣ ಸಾಮಾನ್ಯವಾಗಿ ಎದುರಾಗುವುದಿಲ್ಲ. ನಮ್ಮಲ್ಲಿ ರಿಫ್ರೆಶ್ ಮಾಡಿದಾಗ ಎಕ್ಸೆಕ್-3ರಲ್ಲಿಯೂ ಹನ್ನೆರಡು ಬಂತು.

ಹಾಗಾದರೆ ಫಿಲ್ಟರ್ ಏಕೆ ಮುಚ್ಚಲಿಲ್ಲ? ವೆಬ್ ಸಂರಚನೆಯ ಕಡತದಲ್ಲಿ ಆ ಫಿಲ್ಟರ್ 'ಡಾಟ್ ಡೂ' ಎಂದು ಮುಗಿಯುವ ವಿಳಾಸಗಳಿಗೆ ಮಾತ್ರ ಹೊಂದಿಸಲಾಗಿತ್ತು. ದಾಸ್ತಾನು ಪುಟ ತಡವಾಗಿ ಸೇರಿದ್ದು, ನೇರ ಜೆಎಸ್‌ಪಿ ವಿಳಾಸ. ಅದು ಸೆಷನ್ ತೆರೆಯಿತು, ಟ್ರಾನ್ಸಾಕ್ಷನ್ ಕಮಿಟ್ ಕೂಡ ಮಾಡಿತು, ಮುಚ್ಚುವವರು ಮಾತ್ರ ಇರಲಿಲ್ಲ. ಕಮಿಟ್ ಆದ ಕಾರಣ ಕನೆಕ್ಷನ್ ಪೂಲ್‌ಗೆ ಮರಳಿತ್ತು, ಪೂಲ್‌ನ ಲೆಕ್ಕ ನೋಡಿದರೆ ಎಲ್ಲವೂ ಆರೋಗ್ಯವಾಗಿಯೇ ಕಂಡಿತು. ಇಷ್ಟು ವರ್ಷ ದೋಷ ತೋರದಿದ್ದುದಕ್ಕೂ ಕಾರಣವಿತ್ತು. ಮೊದಲು ಬಿಲ್ಲಿಂಗ್ ಕೂಡ ಇದೇ ಅಪ್ಲಿಕೇಶನ್‌ನಲ್ಲಿತ್ತು. ಒಂದೊಂದು ಬಿಲ್ಲೂ 'ಡಾಟ್ ಡೂ' ವಿನಂತಿ. ಅದು ಬಂದ ಥ್ರೆಡ್‌ನಲ್ಲಿ ಹಿಂದಿನವರು ಬಿಟ್ಟುಹೋದ ಸೆಷನ್ ಸಹ ಮುಚ್ಚಿಹೋಗುತ್ತಿತ್ತು. ಬಿಲ್ಲಿಂಗ್ ಹೊಸ ಮನೆಗೆ ಹೋದ ಮೇಲೆ ಕಸ ಗುಡಿಸುವವರೇ ಇಲ್ಲವಾದರು.

ಪರಿಹಾರ ಎರಡು ಸಾಲು. ಫಿಲ್ಟರನ್ನು ಎಲ್ಲ ವಿಳಾಸಗಳಿಗೂ ಹೊಂದಿಸುವುದು, ಮತ್ತು ಮುಚ್ಚುವ ಕೆಲಸವನ್ನು ದೋಷ ಬಂದರೂ ಓಡುವ ಫೈನಲಿ ಬ್ಲಾಕ್‌ನಲ್ಲಿ ಇಡುವುದು. ಮುಚ್ಚಿದ ಮೇಲೆ ಥ್ರೆಡ್‌ಲೋಕಲ್‌ನಿಂದ ಅದನ್ನು ತೆಗೆದುಹಾಕುವುದನ್ನು ಮರೆಯಬೇಡಿ. ಮರೆತರೆ ಮುಂದಿನ ವಿನಂತಿಗೆ ಮುಚ್ಚಿದ ಸೆಷನ್ ಸಿಕ್ಕಿ, ಸೆಷನ್ ಈಗಾಗಲೇ ಮುಚ್ಚಿದೆ ಎಂಬ ಎಕ್ಸೆಪ್ಷನ್ ಬರುತ್ತದೆ. ಸೆಷನ್ ಫ್ಯಾಕ್ಟರಿ ಭಾರವಾದ ವಸ್ತು. ಅಪ್ಲಿಕೇಶನ್‌ಗೆ ಒಂದು ಸಾಕು, ಎಲ್ಲ ಥ್ರೆಡ್‌ಗಳೂ ಹಂಚಿಕೊಳ್ಳಬಹುದು. ಸೆಷನ್ ಹಗುರವಾದದ್ದು, ಎರಡು ಥ್ರೆಡ್‌ಗಳ ನಡುವೆ ಹಂಚುವಂಥದ್ದಲ್ಲ. ಸೆಷನ್ ತೆರೆಯುವುದು ದುಬಾರಿ ಎಂದು ಉಳಿಸಿಕೊಳ್ಳಲು ಹೋಗುವವರು ಉಳಿಸುವುದು ಏನನ್ನೂ ಅಲ್ಲ, ಏಕೆಂದರೆ ದುಬಾರಿಯಾದ ಕನೆಕ್ಷನ್‌ಗೆ ಪೂಲ್ ಆಗಲೇ ಇದೆ.

ಮೂವತ್ತು ಸೆಕೆಂಡು ಕಾದು ಬೀಳುವ ಬಿಲ್ಲು

ಮರುದಿನವೇ ಬಿಲ್ಲಿಂಗ್ ನಿಂತಿತು. ಲಾಗ್‌ನಲ್ಲಿ ಹಿಕಾರಿ ಪೂಲ್‌ನ ಪರಿಚಿತ ಸಾಲು: ಕನೆಕ್ಷನ್ ಲಭ್ಯವಿಲ್ಲ, 30,000 ಮಿಲಿಸೆಕೆಂಡ್ ಕಾದು ಕೈಬಿಡಲಾಗಿದೆ. 2018ರಲ್ಲಿ ಬಂದ ಸ್ಪ್ರಿಂಗ್ ಬೂಟ್ 2.0ರಿಂದ ಹಿಕಾರಿಯೇ ಡೀಫಾಲ್ಟ್ ಪೂಲ್. ಅದರ ಗರಿಷ್ಠ ಗಾತ್ರ 10, ಕಾಯುವ ಅವಧಿ 30 ಸೆಕೆಂಡು.

ಹತ್ತು ಸಾಲದು, ಐವತ್ತು ಮಾಡೋಣ ಎಂದು ಯಾರಿಗಾದರೂ ಮೊದಲು ತೋಚುತ್ತದೆ. ನನಗೂ ತೋಚಿತು, ಮಾಡಿಯೂ ಬಿಟ್ಟೆ. ಹನ್ನೊಂದಕ್ಕೆ ನಿಲ್ಲುತ್ತಿದ್ದದ್ದು ಮಧ್ಯಾಹ್ನ ನಿಂತಿತು. ಹುತ್ತ ಬಡಿದರೆ ಹಾವು ಸಾಯುವುದಿಲ್ಲ. ಮೇಲಾಗಿ ಮೈಎಸ್‌ಕ್ಯೂಎಲ್ ಸರ್ವರ್ ಡೀಫಾಲ್ಟ್ ಆಗಿ ಒಪ್ಪುವುದು ಒಟ್ಟು 151 ಕನೆಕ್ಷನ್‌ಗಳನ್ನು. ಎರಡು ಅಪ್ಲಿಕೇಶನ್, ಒಂದು ವರದಿ ತಂತ್ರಾಂಶ, ಒಂದು ಬ್ಯಾಕಪ್ ಎಲ್ಲವೂ ಅದರಲ್ಲಿಯೇ ಹಂಚಿಕೊಳ್ಳಬೇಕು. ಒಬ್ಬರು ಹಿಗ್ಗಿದರೆ ಇನ್ನೊಬ್ಬರ ಬಾಗಿಲು ಮುಚ್ಚುತ್ತದೆ.

ಕೇಳಬೇಕಾದ ಪ್ರಶ್ನೆ ಎಷ್ಟು ಕನೆಕ್ಷನ್ ಬೇಕು ಎಂಬುದಲ್ಲ, ಇರುವ ಹತ್ತನ್ನು ಯಾರು ಹಿಡಿದು ಕುಳಿತಿದ್ದಾರೆ ಎಂಬುದು. ನಿಂತ ಗಳಿಗೆಯಲ್ಲಿ ಐದು ಸೆಕೆಂಡು ಅಂತರದಲ್ಲಿ ಮೂರು ಥ್ರೆಡ್ ಡಂಪ್ ತೆಗೆಯಿರಿ. ಒಂದರಲ್ಲಿ ಸಿಕ್ಕಿದ್ದು ಆಕಸ್ಮಿಕ ಇರಬಹುದು, ಮೂರರಲ್ಲಿಯೂ ಅದೇ ಸಾಲಿನಲ್ಲಿ ನಿಂತಿರುವ ಥ್ರೆಡ್ ಆಕಸ್ಮಿಕವಲ್ಲ. ಡಂಪ್ ತುಂಬ ಹಿಕಾರಿಯ ಗೆಟ್‌ಕನೆಕ್ಷನ್‌ನಲ್ಲಿ ಕಾಯುತ್ತಿರುವ ಥ್ರೆಡ್‌ಗಳೇ ಕಾಣುತ್ತವೆ. ಅವರನ್ನು ಬಿಡಿ, ಅವರು ಸರದಿಯಲ್ಲಿ ನಿಂತ ನಿರಪರಾಧಿಗಳು. ಕನೆಕ್ಷನ್ ಪಡೆದು ಬೇರೆ ಏನೋ ಮಾಡುತ್ತಿರುವವರನ್ನು ಹುಡುಕಿ. ನಮ್ಮಲ್ಲಿ ಸರಿಯಾಗಿ ಅಷ್ಟೂ ಥ್ರೆಡ್‌ಗಳು ಸಾಕೆಟ್‌ನಿಂದ ಓದಲು ಕಾಯುತ್ತಿದ್ದವು. ಮೇಲಿನ ಸಾಲುಗಳಲ್ಲಿ ಎಸ್‌ಎಂಎಸ್ ಕಳಿಸುವ ಕ್ಲಾಸ್, ಅದರ ಕೆಳಗೆ ಬಿಲ್ ಉಳಿಸುವ ಮೆಥಡ್.

ಬಿಲ್ ಉಳಿಸಿದ ಕೂಡಲೇ ಗಿರಾಕಿಯ ಮೊಬೈಲ್‌ಗೆ ಸಂದೇಶ ಹೋಗಬೇಕೆಂದು ಯಜಮಾನರು ಏಪ್ರಿಲ್‌ನಲ್ಲಿ ಕೇಳಿದ್ದರು. ಆ ಕರೆಯನ್ನು ಟ್ರಾನ್ಸಾಕ್ಷನ್ ಒಳಗೇ ಬರೆದಿದ್ದೆ. ಎಸ್‌ಎಂಎಸ್ ಗೇಟ್‌ವೇ ಆ ದಿನ ಕನೆಕ್ಷನ್ ಒಪ್ಪಿಕೊಂಡು ಉತ್ತರ ಕೊಡದೆ ಸುಮ್ಮನಿತ್ತು. ಜಾವಾದ ಎಚ್‌ಟಿಟಿಪಿ ಯುಆರ್‌ಎಲ್ ಕನೆಕ್ಷನ್‌ಗೆ ಓದುವ ಅವಧಿ ಕೊಡದಿದ್ದರೆ ಅದು ಸೊನ್ನೆ, ಅಂದರೆ ಕೊನೆಯಿಲ್ಲದೆ ಕಾಯುತ್ತದೆ. ಹತ್ತು ಬಿಲ್ಲುಗಳು ಹೀಗೆ ಸಿಕ್ಕಿಕೊಂಡರೆ ಪೂಲ್ ಬರಿದು, ಮಳಿಗೆಯೇ ಸ್ತಬ್ಧ. ಐವತ್ತಾದರೆ ಐವತ್ತು ಬಿಲ್ಲಿಗೆ ಸ್ತಬ್ಧ, ಅಷ್ಟೆ.

ಡಂಪ್ ತೆಗೆಯುವ ಹೊತ್ತಿಗೆ ನೀವು ಅಲ್ಲಿರದಿದ್ದರೆ ಹಿಕಾರಿಯ ಲೀಕ್ ಡಿಟೆಕ್ಷನ್ ಥ್ರೆಶೋಲ್ಡ್ ಸಹಾಯಕ್ಕೆ ಬರುತ್ತದೆ. ಡೀಫಾಲ್ಟ್ ಆಗಿ ಅದು ಆರಿರುತ್ತದೆ. ಕನಿಷ್ಠ ಬೆಲೆ 2,000 ಮಿಲಿಸೆಕೆಂಡ್, ನಾನು 10,000 ಇಡುತ್ತೇನೆ. ಅಷ್ಟು ಹೊತ್ತು ಯಾರಾದರೂ ಕನೆಕ್ಷನ್ ಹಿಡಿದಿದ್ದರೆ, ಪಡೆದುಕೊಂಡ ಜಾಗದ ಸ್ಟ್ಯಾಕ್ ಟ್ರೇಸ್ ಲಾಗ್‌ಗೆ ಬೀಳುತ್ತದೆ. ಹೆಸರಿನಲ್ಲಿ ಸೋರಿಕೆ ಎಂದಿದ್ದರೂ ಅದು ಸೋರಿಕೆಯೇ ಆಗಿರಬೇಕಿಲ್ಲ. ಸ್ವಲ್ಪ ಹೊತ್ತಿನ ಮೇಲೆ ಅದೇ ಕನೆಕ್ಷನ್ ಪೂಲ್‌ಗೆ ಮರಳಿತು ಎಂಬ ಇನ್ನೊಂದು ಸಾಲು ಬಂದರೆ ಅದು ದೀರ್ಘ ಹಿಡಿತ. ಬರದೇ ಹೋದರೆ ನಿಜವಾದ ಸೋರಿಕೆ. ಮೊದಲನೆಯದಕ್ಕೆ ಕೆಲಸದ ಕ್ರಮ ಬದಲಿಸಬೇಕು, ಎರಡನೆಯದಕ್ಕೆ ಮುಚ್ಚದ ಜಾಗ ಹುಡುಕಬೇಕು.

ಸರಿಪಡಿಸಲು ಹೋಗಿ ಸಾಲಾಗಿ ಮೂರು ಕಡೆ ಮುಗ್ಗರಿಸಿದೆ. ಬಿಲ್ ಉಳಿಸುವ ಭಾಗವನ್ನು ಪ್ರತ್ಯೇಕ ಮೆಥಡ್ ಮಾಡಿ ಅದಕ್ಕೆ ಮಾತ್ರ ಟ್ರಾನ್ಸಾಕ್ಷನಲ್ ಗುರುತು ಹಾಕಿದೆ. ಆದರೆ ಅದೇ ಕ್ಲಾಸಿನ ಒಳಗಿನ ಕರೆ ಸ್ಪ್ರಿಂಗ್‌ನ ಪ್ರಾಕ್ಸಿ (ಟ್ರಾನ್ಸಾಕ್ಷನ್ ಆರಂಭಿಸುವ ಮಧ್ಯವರ್ತಿ ವಸ್ತು) ಮೂಲಕ ಹಾಯುವುದಿಲ್ಲ, ಹಾಗಾಗಿ ಟ್ರಾನ್ಸಾಕ್ಷನ್ ಆರಂಭವಾಗಲೇ ಇಲ್ಲ. ಆಮೇಲೆ ಕಮಿಟ್ ನಂತರ ಓಡುವ ಈವೆಂಟ್ ಲಿಸನರ್‌ಗೆ ಸಂದೇಶದ ಕೆಲಸ ಒಪ್ಪಿಸಿದೆ. ಕಮಿಟ್ ಆಗಿದ್ದರೂ ಲಿಸನರ್ ಓಡುವಾಗ ಕನೆಕ್ಷನ್ ಇನ್ನೂ ಥ್ರೆಡ್‌ಗೆ ಅಂಟಿಯೇ ಇರುತ್ತದೆ, ಅದರಿಂದಲೂ ಲಾಭವಾಗಲಿಲ್ಲ. ಬೇರೆ ಬೀನ್ (ಸ್ಪ್ರಿಂಗ್ ನಿರ್ವಹಿಸುವ ವಸ್ತು) ಮಾಡಿ, ಟ್ರಾನ್ಸಾಕ್ಷನ್ ಪೂರ್ತಿ ಮುಗಿದ ಮೇಲೆ ಕಂಟ್ರೋಲರ್‌ನಿಂದ ಕರೆದೆ. ಆಗಲೂ ಹಿಡಿತ ಬಿಡಲಿಲ್ಲ. ಕಾರಣ ಓಪನ್-ಇನ್-ವ್ಯೂ.

ಓಪನ್-ಇನ್-ವ್ಯೂ ಆಫ್ ಮಾಡಿದ ಮೇಲೆ

ಸ್ಪ್ರಿಂಗ್ ಬೂಟ್‌ನಲ್ಲಿ ಜೆಪಿಎ ಓಪನ್-ಇನ್-ವ್ಯೂ ಡೀಫಾಲ್ಟ್ ಆಗಿ ಚಾಲೂ ಇರುತ್ತದೆ. ಅಪ್ಲಿಕೇಶನ್ ಏಳುವಾಗ ಲಾಗ್‌ನಲ್ಲಿ ಅದರ ಎಚ್ಚರಿಕೆಯೂ ಬರುತ್ತದೆ, ಓದುವವರು ಕಡಿಮೆ. ವಿನಂತಿ ಬಂದಾಗ ಸೆಷನ್ ತೆರೆದು, ಉತ್ತರ ಪೂರ್ತಿ ಸಿದ್ಧವಾಗುವವರೆಗೂ ತೆರೆದೇ ಇಡುತ್ತದೆ. ಸ್ಪ್ರಿಂಗ್ ಹೈಬರ್ನೇಟನ್ನು ಹೊಂದಿಸುವ ಸಾಮಾನ್ಯ ಕ್ರಮದಲ್ಲಿ ಮೊದಲ ಸಲ ಬೇಕಾದಾಗ ಪಡೆದ ಕನೆಕ್ಷನ್ ಸೆಷನ್ ಮುಚ್ಚುವವರೆಗೂ ಬಿಡುಗಡೆಯಾಗುವುದಿಲ್ಲ. ಟ್ರಾನ್ಸಾಕ್ಷನ್ ಮುಗಿದರೂ ಕಂಟ್ರೋಲರ್‌ನಲ್ಲಿ ನಡೆಯುವ ಹೊರಗಿನ ಕರೆಯ ಉದ್ದಕ್ಕೂ ಒಂದು ಕನೆಕ್ಷನ್ ಸುಮ್ಮನೆ ಕುಳಿತಿರುತ್ತದೆ.

ಅದನ್ನು ಆಫ್ ಮಾಡಿದೆ. ಕೂಡಲೇ ನಾಲ್ಕು ಪುಟಗಳಲ್ಲಿ ಲೇಜಿ ಇನಿಶಿಯಲೈಸೇಶನ್ ಎಕ್ಸೆಪ್ಷನ್ ಬಂತು: ಬೇಕಾದಾಗ ತುಂಬಿಕೊಳ್ಳಲೆಂದು (ಲೇಜಿ) ಇಟ್ಟ ಖಾಲಿ ವಸ್ತುವನ್ನು ತುಂಬಲು ಸೆಷನ್ ಇಲ್ಲ. ಇದನ್ನು ಹೊಸ ದೋಷವೆಂದು ತಿಳಿಯಬೇಡಿ. ಪುಟ ಕಟ್ಟುವಾಗ ಕದ್ದು ಮುಚ್ಚಿ ಡೇಟಾಬೇಸಿಗೆ ಹೋಗುತ್ತಿದ್ದ ಜಾಗಗಳು ಈಗ ಬೆಳಕಿಗೆ ಬಂದಿವೆ. ಇಲ್ಲಿ ಎರಡು ಅಡ್ಡದಾರಿಗಳಿವೆ, ಎರಡನ್ನೂ ಹಿಡಿಯಬೇಡಿ. ಎಲ್ಲ ಸಂಬಂಧಗಳನ್ನೂ ಈಗರ್ ಮಾಡಿದರೆ (ಮೊದಲೇ ತರಿಸಿದರೆ) ಒಂದು ಬಿಲ್ ತೆರೆಯಲು ಗಿರಾಕಿ, ಅವರ ಹಳೆಯ ಬಿಲ್ಲುಗಳು, ಅವುಗಳ ಸಾಲುಗಳು ಎಲ್ಲವೂ ಎದ್ದು ಬರುತ್ತವೆ. ಟ್ರಾನ್ಸಾಕ್ಷನ್ ಇಲ್ಲದೆಯೂ ಲೇಜಿ ಓದಲು ಬಿಡುವ ಹೈಬರ್ನೇಟ್ ಆಯ್ಕೆ ಪ್ರತಿ ಓದಿಗೂ ಗುಟ್ಟಾಗಿ ತಾತ್ಕಾಲಿಕ ಸೆಷನ್ ತೆರೆಯುತ್ತದೆ, ಕಾಯಿಲೆ ಮತ್ತೆ ಮರೆಯಾಗುತ್ತದೆ.

ಆಯಾ ಪುಟಕ್ಕೆ ಬೇಕಾದದ್ದನ್ನು ಆಯಾ ಕ್ವೆರಿಯಲ್ಲೇ ಕೇಳಿ: ಜಾಯಿನ್ ಫೆಚ್, ಎಂಟಿಟಿ ಗ್ರಾಫ್, ಅಥವಾ ಓದಲಷ್ಟೇ ಬೇಕಿದ್ದರೆ ನೇರವಾಗಿ ಡಿಟಿಓ, ಅಂದರೆ ಬೇಕಾದ ಕಾಲಂಗಳಷ್ಟೇ ಇರುವ ಸರಳ ವಸ್ತು. ದಿನದ ಬಿಲ್ಲುಗಳ ಪಟ್ಟಿಗೆ ಬೇಕಿದ್ದದ್ದು ಸಂಖ್ಯೆ, ಹೆಸರು, ಮೊತ್ತ ಮೂರೇ ಕಾಲಂ. ಪುಟವಿಂಗಡಣೆ ಇರುವ ಕ್ವೆರಿಯಲ್ಲಿ ಸಂಗ್ರಹವೊಂದನ್ನು ಜಾಯಿನ್ ಫೆಚ್ ಮಾಡಿದರೆ ಹೈಬರ್ನೇಟ್ ಎಲ್ಲ ಸಾಲುಗಳನ್ನೂ ತಂದು ಮೆಮೊರಿಯಲ್ಲಿ ಪುಟ ಕತ್ತರಿಸುತ್ತದೆ. ಲಾಗ್‌ನಲ್ಲಿ ಅದರ ಎಚ್ಚರಿಕೆ ಕಂಡರೆ ಅಲಕ್ಷಿಸಬೇಡಿ.

ಎಸ್‌ಎಂಎಸ್ ಕೊನೆಗೆ ಒಂದು ಕೋಷ್ಟಕಕ್ಕೆ ಹೋಯಿತು. ಬಿಲ್ ಜೊತೆಗೆ ಅದೇ ಟ್ರಾನ್ಸಾಕ್ಷನ್‌ನಲ್ಲಿ ಒಂದು ಸಾಲು ಬರೆಯುತ್ತೇವೆ, ಬೇರೊಂದು ಥ್ರೆಡ್ ಅದನ್ನು ಓದಿ, ಸೆಷನ್ ಮುಚ್ಚಿ, ಆಮೇಲೆ ಗೇಟ್‌ವೇಗೆ ಕಳಿಸುತ್ತದೆ. ಸಂಪರ್ಕಕ್ಕೆ ಮೂರು ಸೆಕೆಂಡು, ಓದಲು ಐದು ಸೆಕೆಂಡು ಮಿತಿ. ಪೂಲ್ ಮತ್ತೆ ಹತ್ತಕ್ಕೆ ಇಳಿಯಿತು. ಒಂದು ಬಿಲ್ 40 ಮಿಲಿಸೆಕೆಂಡ್ ಹಿಡಿದರೆ ಹತ್ತು ಕನೆಕ್ಷನ್‌ಗಳಲ್ಲಿ ಸೆಕೆಂಡಿಗೆ 250 ಬಿಲ್ ಸಾಗುತ್ತದೆ, ನಾಲ್ಕು ಸೆಕೆಂಡು ಹಿಡಿದರೆ ಎರಡೂವರೆ.

ಪರಿಷ್ಕೃತ ಬೆಲೆ ಬಾರದ ಕಥೆ

ಮೂರನೆಯ ದೂರು ಬಂದಾಗ ಮೊದಲ ಪ್ರಶ್ನೆಗೇ ಉತ್ತರ ಸಿಕ್ಕಿತು: ಎರಡೂ ಕೌಂಟರಿನಲ್ಲಿ, ಎಲ್ಲರಿಗೂ, ಒಂದೇ ಹಳೆಯ ಬೆಲೆ. ಎರಡನೇ ಹಂತದ ಕ್ಯಾಶ್ ಸೆಷನ್ ಫ್ಯಾಕ್ಟರಿಗೆ ಸೇರಿದ್ದು, ಸೆಷನ್‌ಗಳು ಬಂದು ಹೋದರೂ ಅದು ಉಳಿಯುತ್ತದೆ. ಬಿಲ್ಲಿಂಗ್ ನಿಧಾನ ಎಂಬ ದೂರು ಬಂದಾಗ ಇದನ್ನು ಇಎಚ್‌ಕ್ಯಾಶ್ ಎಂಬ ಲೈಬ್ರರಿಯ ಜೊತೆ ಹಾಕಿದ್ದೆವು, ಶೀರ್ಷಿಕೆಗಳ ಎಂಟಿಟಿಯೂ ಅದರಲ್ಲಿತ್ತು. ಪ್ರಕಾಶಕರ ಹೊಸ ಬೆಲೆಪಟ್ಟಿಯನ್ನು ಗುಮಾಸ್ತರ ಮಗ ಎಕ್ಸೆಲ್‌ನಿಂದ ಎಸ್‌ಕ್ಯೂಎಲ್ ಮಾಡಿ ನೇರ ಡೇಟಾಬೇಸಿಗೆ ಹಾಕಿದ್ದ. ಅವನ ತಪ್ಪೇನಿಲ್ಲ. ಹೈಬರ್ನೇಟ್‌ನ ಬೆನ್ನ ಹಿಂದೆ ನಡೆದ ಬದಲಾವಣೆ ಅದರ ಕ್ಯಾಶ್‌ಗೆ ತಿಳಿಯಲು ದಾರಿಯೇ ಇಲ್ಲ. ಹಳೆಯ ದಾಸ್ತಾನು ಅಪ್ಲಿಕೇಶನ್ ಬರೆದರೂ ಅದೇ ಪಾಡು, ಒಂದು ಜೆವಿಎಂನ (ಜಾವಾ ಅಪ್ಲಿಕೇಶನ್ ಓಡುವ ಪ್ರಕ್ರಿಯೆಯ) ಮೆಮೊರಿ ಇನ್ನೊಂದಕ್ಕೆ ಕಾಣುವುದಿಲ್ಲ.

ಖಚಿತಪಡಿಸಿಕೊಳ್ಳಲು ಸರ್ವರ್ ನಿಲ್ಲಿಸಬೇಕಿಲ್ಲ. ಸೆಷನ್ ಫ್ಯಾಕ್ಟರಿಯ ಕ್ಯಾಶ್ ವಸ್ತುವಿನಿಂದ ಆ ಒಂದು ಎಂಟಿಟಿಯ ಪ್ರದೇಶವನ್ನಷ್ಟೇ ತೆರವು ಮಾಡಿ. ಬೆಲೆ ಸರಿಹೋದರೆ ರೋಗ ತಿಳಿಯಿತು. ಇಂಥದ್ದೊಂದು ಗುಂಡಿಯನ್ನು ಆಡಳಿತ ಪುಟದಲ್ಲಿ ಈಗ ಶಾಶ್ವತವಾಗಿ ಇಟ್ಟಿದ್ದೇನೆ, ಬೆಲೆಪಟ್ಟಿ ಹಾಕಿದ ಮೇಲೆ ಗುಮಾಸ್ತರೇ ಒತ್ತುತ್ತಾರೆ.

ಯಾವುದನ್ನು ಕ್ಯಾಶ್‌ನಲ್ಲಿ ಇಡಬೇಕು ಎಂಬುದರಲ್ಲಿ ನನ್ನ ನಿಲುವು ಬಿಗಿ. ತರಗತಿ, ವಿಷಯ, ಪ್ರಕಾಶಕ, ತೆರಿಗೆ ದರ: ಓದು ಹೆಚ್ಚು, ಬದಲಾವಣೆ ಅಪರೂಪ, ಇಡಿ. ದಾಸ್ತಾನಿನ ಅಂಕಿಯನ್ನು ಎಂದಿಗೂ ಇಡಬೇಡಿ. ಮಾರಾಟವಾದಾಗ ಅದನ್ನು ಓದಿ ಕಳೆದು ಬರೆಯುವುದೂ ಬೇಡ. ಇರುವುದು ಬೇಕಾದಷ್ಟಿದ್ದರೆ ಮಾತ್ರ ಕಳೆ ಎಂಬ ಷರತ್ತನ್ನು ಒಂದೇ ಅಪ್‌ಡೇಟ್ ಹೇಳಿಕೆಯಲ್ಲಿ ಹಾಕಿ, ಎಷ್ಟು ಸಾಲು ಬದಲಾಯಿತು ಎಂದು ನೋಡಿ. ಸೊನ್ನೆ ಬಂದರೆ ಸರಕಿಲ್ಲ.

ಕ್ವೆರಿ ಕ್ಯಾಶ್ ಬಗ್ಗೆ ಒಂದು ಎಚ್ಚರಿಕೆ ಸಾಕು. ಹೈಬರ್ನೇಟ್ 5ರವರೆಗೂ ಅದು ಎಂಟಿಟಿ ಫಲಿತಾಂಶಗಳ ಗುರುತು ಸಂಖ್ಯೆಗಳನ್ನಷ್ಟೇ ಇಡುತ್ತದೆ. ಎಂಟಿಟಿ ತಾನೇ ಕ್ಯಾಶ್‌ನಲ್ಲಿ ಇಲ್ಲದಿದ್ದರೆ 300 ಶೀರ್ಷಿಕೆಗಳ ಪಟ್ಟಿಗೆ ಒಂದು ಸೆಲೆಕ್ಟ್ ಉಳಿಸಿ 300 ಸೆಲೆಕ್ಟ್ ಕಳಿಸುತ್ತದೆ. ಹೈಬರ್ನೇಟ್‌ನ ಅಂಕಿಅಂಶ ಆಯ್ಕೆಯನ್ನು ಚಾಲೂ ಮಾಡಿ, ಸಿಕ್ಕಿದ್ದು ಎಷ್ಟು, ತಪ್ಪಿದ್ದು ಎಷ್ಟು ಎಂದು ಪ್ರದೇಶವಾರು ನೋಡಿ. ನಮ್ಮ ಆರು ಪ್ರದೇಶಗಳಲ್ಲಿ ಎರಡು ಮಾತ್ರ ಇಟ್ಟುಕೊಳ್ಳಲು ಯೋಗ್ಯವಾಗಿದ್ದವು.

ಒಬ್ಬರಿಗೆ ಮಾತ್ರ ಹಳೆಯದಾದರೆ

ಇದು ನಮ್ಮಲ್ಲಿ ಆ ವಾರ ಬರಲಿಲ್ಲ, ಆದರೆ ಕೋಡ್ ಓದುವಾಗ ಕಣ್ಣಿಗೆ ಬಿತ್ತು. ಲಾಗಿನ್ ಆದಾಗ ಖಾಯಂ ಗಿರಾಕಿಯ ಇಡೀ ಎಂಟಿಟಿಯನ್ನು ಎಚ್‌ಟಿಟಿಪಿ ಸೆಷನ್‌ನಲ್ಲಿ ಇಡಲಾಗಿತ್ತು. ಟಾಮ್‌ಕ್ಯಾಟ್‌ನಲ್ಲಿ ಅದರ ಡೀಫಾಲ್ಟ್ ಆಯುಸ್ಸು ಕೊನೆಯ ಬಳಕೆಯಿಂದ 30 ನಿಮಿಷ, ದಿನವಿಡೀ ಬಳಸುವ ಕೌಂಟರಿಗೆ ದಿನವಿಡೀ. ಹಳೆಯ ರಿಯಾಯಿತಿ ದರ ಕಾಣುವುದು ಸಣ್ಣ ತೊಂದರೆ. ಆ ವಸ್ತುವಿನಲ್ಲಿ ಒಂದು ಕ್ಷೇತ್ರ ಬದಲಿಸಿ ಮರ್ಜ್ ಮಾಡಿದರೆ ಅದರ ಎಲ್ಲ ಕ್ಷೇತ್ರಗಳೂ ನಕಲಾಗುತ್ತವೆ, ಬೆಳಿಗ್ಗೆ ಇನ್ನೊಬ್ಬರು ತಿದ್ದಿದ ಫೋನ್ ನಂಬರ್ ಸದ್ದಿಲ್ಲದೆ ಹಳೆಯದಾಗುತ್ತದೆ. ಪ್ರತಿ ತಿದ್ದುವಿಕೆಗೂ ಬದಲಾಗುವ ಆವೃತ್ತಿ ಕಾಲಂ ಇದ್ದರೆ ಆ ಬರಹ ತಡೆಹಿಡಿಯಲ್ಪಡುತ್ತದೆ. ಎಚ್‌ಟಿಟಿಪಿ ಸೆಷನ್‌ನಲ್ಲಿ ಗುರುತು ಸಂಖ್ಯೆ ಮಾತ್ರ ಇಟ್ಟು, ವಿನಂತಿ ಬಂದಾಗ ಓದಿ.

ಸರಿಹೋಯಿತೆಂದು ತಿಳಿಯುವುದು ಹೇಗೆ

ಈ ದೋಷಗಳು ಪರೀಕ್ಷಾ ಯಂತ್ರದಲ್ಲಿ ಕಾಣುವುದಿಲ್ಲ, ಏಕೆಂದರೆ ಅಲ್ಲಿ ಒಬ್ಬರೇ ನಿಧಾನವಾಗಿ ಒತ್ತುತ್ತಿರುತ್ತಾರೆ. ಜೂನ್ ತಿಂಗಳನ್ನು ಮೇಜಿನ ಮೇಲೆ ತರಿಸಲು ನಾನು ಮಿತಿಗಳನ್ನು ಕುಗ್ಗಿಸುತ್ತೇನೆ: ಟಾಮ್‌ಕ್ಯಾಟ್ ಥ್ರೆಡ್ ಎರಡು, ಪೂಲ್ ಎರಡು, ಎಸ್‌ಎಂಎಸ್ ಗೇಟ್‌ವೇ ಜಾಗದಲ್ಲಿ ಕನೆಕ್ಷನ್ ಒಪ್ಪಿಕೊಂಡು ಉತ್ತರವನ್ನೇ ಕೊಡದ ಒಂದು ಸಣ್ಣ ಸರ್ವರ್. ಹಳೆಯ ಕೋಡ್‌ನಲ್ಲಿ ಮೂರನೆಯ ಬಿಲ್ಲಿಗೇ ಎಲ್ಲವೂ ನಿಂತಿತು. ದಾಸ್ತಾನು ಪುಟದಲ್ಲಿ ಎರಡೇ ಥ್ರೆಡ್‌ಗಳ ನಡುವೆ ಅಂಕಿ ಗಡಿಯಾರದ ಲೋಲಕದಂತೆ ಓಲಾಡಿತು. ಹೊಸ ಕೋಡ್‌ನಲ್ಲಿ ಅರ್ಧ ಗಂಟೆ ಓಡಿಸಿದಾಗ ಬಿಲ್ಲುಗಳು ಸಾಗಿದವು, ಸಂದೇಶಗಳು ಕೋಷ್ಟಕದಲ್ಲಿ ಸಾಲಾಗಿ ನಿಂತವು, ಪುಟದ ಅಡಿಯ ಹ್ಯಾಶ್‌ಕೋಡ್ ಪ್ರತಿ ಸಲವೂ ಬದಲಾಯಿತು. ಅದಾದ ಮೇಲೆಯೇ ಅವೆನ್ಯೂ ರಸ್ತೆಯ ಸರ್ವರಿಗೆ ಅದನ್ನು ಹಾಕಿದೆ, ರಾತ್ರಿ ಒಂಬತ್ತಕ್ಕೆ, ಗುಮಾಸ್ತರು ಷಟರ್ ಎಳೆದ ಮೇಲೆ. ಆ ಸಣ್ಣ ಅಕ್ಷರದ ಸಾಲನ್ನು ತೆಗೆದಿಲ್ಲ. ಮಾರನೆಯ ದಿನ ಅವರು ಅಂಕಿ ಓದಿ ಹೇಳುವಾಗ ಅದನ್ನೂ ಜೊತೆಗೆ ಓದಿ ಹೇಳಿದರು: ಹನ್ನೆರಡು ಕಟ್ಟು, ಎಕ್ಸೆಕ್-3.